ಪೀಣ್ಯದ ಸುತ್ತಮುತ್ತ ಕೊಳವೆಬಾವಿ ನೀರು ಕುಡಿಯುವವರಿಗೆ: ಕ್ರೋಮಿಯಂ ಪರೀಕ್ಷೆ ಮಾಡಿಸುವುದು, ನೀರು ಸರಿಪಡಿಸಿಕೊಳ್ಳುವುದು ಹೇಗೆ

ನಮ್ಮ ಕಡೆ ನೀರಿನ ಮಾತು ಬಂದಾಗಲೆಲ್ಲ ಯಾರಾದರೊಬ್ಬರು ಜೇಬಿನಿಂದ ನೀರಿನಲ್ಲಿ ಕರಗಿದ ಒಟ್ಟು ಲವಣಗಳನ್ನು ಅಳೆಯುವ, ಪೆನ್ನಿನಂಥ ಟಿಡಿಎಸ್ ಮೀಟರ್ ತೆಗೆಯುತ್ತಾರೆ. ಲೋಟದ ನೀರಿಗೆ ಅದ್ದುತ್ತಾರೆ. ‘ನಾನೂರ ಐವತ್ತು, ಪರವಾಗಿಲ್ಲ ಕುಡಿಯಬಹುದು’ ಎಂದು ತೀರ್ಪು ಕೊಟ್ಟು ಮೀಟರನ್ನು ಮತ್ತೆ ಜೇಬಿಗೆ ಇಳಿಸುತ್ತಾರೆ. ಕಾರ್ಖಾನೆಗಳಿಂದ ಅಂತರ್ಜಲ ಸೇರುವ ಕ್ರೋಮಿಯಂ ಎಂಬ ಲೋಹದ ವಿಷಯದಲ್ಲಿ ಆ ತೀರ್ಪಿಗೆ ಬೆಲೆಯೇ ಇಲ್ಲ. ಕುಡಿಯುವ ನೀರಿಗೆ ಭಾರತೀಯ ಮಾನಕ ಐಎಸ್ 10500 ನಿಗದಿ ಮಾಡಿರುವ ಒಟ್ಟು ಕ್ರೋಮಿಯಂ ಮಿತಿ ಲೀಟರಿಗೆ 0.05 ಮಿಲಿಗ್ರಾಂ. 450 ಮಿಲಿಗ್ರಾಂ ಲವಣಗಳ ನಡುವೆ ಅದು ಒಂಬತ್ತು ಸಾವಿರದಲ್ಲಿ ಒಂದು ಪಾಲು. ಮಿತಿಯ ಹತ್ತು ಪಟ್ಟು ಕ್ರೋಮಿಯಂ ನೀರಿಗೆ ಸೇರಿದರೂ ಮೀಟರಿನ ಅಂಕಿ ಒಂದೆರಡು ಸಂಖ್ಯೆ ಅಲುಗಾಡೀತು, ಅಷ್ಟೆ. ಬಿಸಿಲಿಗೆ ಪೈಪು ಕಾದರೂ ಅಷ್ಟು ಅಲುಗಾಡುತ್ತದೆ.

ನಾಲಿಗೆಗೂ ಇದು ಸಿಕ್ಕುವುದಿಲ್ಲ, ಮೂಗಿಗೂ ಸಿಕ್ಕುವುದಿಲ್ಲ. ನೀರು ತಿಳಿಹಳದಿಯಾಗಿ ಕಣ್ಣಿಗೆ ಕಾಣಬೇಕಾದರೆ ಮಿತಿಗಿಂತ ಹತ್ತಾರು ಪಟ್ಟು ಹೆಚ್ಚು ಇರಬೇಕು. ಆದ್ದರಿಂದ ಈ ಕೆಲಸ ಪ್ರಯೋಗಾಲಯದಿಂದಲೇ ಶುರುವಾಗಬೇಕು. ಅದನ್ನು ಎಡವದೆ ಮಾಡಿಸುವ ಬಗೆ, ವರದಿ ಓದುವ ಬಗೆ, ಆಮೇಲೆ ಅಡುಗೆಮನೆಯಲ್ಲಿ ಮಾಡಬೇಕಾದ್ದು, ಕಚೇರಿಗಳಲ್ಲಿ ಕೇಳಬೇಕಾದ್ದು, ಇಷ್ಟನ್ನು ಇಲ್ಲಿ ಬರೆದಿದ್ದೇನೆ.

ಮೊದಲು ಶತ್ರುವಿನ ಪರಿಚಯ

ಕ್ರೋಮಿಯಂ ನೀರಿನಲ್ಲಿ ಮುಖ್ಯವಾಗಿ ಎರಡು ರೂಪದಲ್ಲಿರುತ್ತದೆ. ಒಂದು ಟ್ರೈವೇಲೆಂಟ್, ಅಂದರೆ ಕ್ರೋಮಿಯಂ-3. ಇದು ಸಾಮಾನ್ಯ ನೀರಿನಲ್ಲಿ ಅಷ್ಟಾಗಿ ಕರಗದು, ಮಣ್ಣಿಗೆ ಅಂಟಿಕೊಂಡು ಕೂತುಬಿಡುತ್ತದೆ. ಇನ್ನೊಂದು ಹೆಕ್ಸಾವೇಲೆಂಟ್, ಕ್ರೋಮಿಯಂ-6. ಇದು ಚೆನ್ನಾಗಿ ಕರಗುತ್ತದೆ, ನೀರು ಹರಿದಲ್ಲೆಲ್ಲ ಹರಿಯುತ್ತದೆ, ದೇಹದ ಜೀವಕೋಶಗಳೊಳಗೂ ಸಲೀಸಾಗಿ ನುಗ್ಗುತ್ತದೆ. ಇದರ ಹೊಗೆ, ದೂಳು ಉಸಿರಾಡುವ ಕಾರ್ಮಿಕರಿಗೆ ಶ್ವಾಸಕೋಶದ ಕ್ಯಾನ್ಸರ್ ಬರುತ್ತದೆ ಎಂಬುದು ದಶಕಗಳಿಂದ ಗೊತ್ತಿರುವ ಸಂಗತಿ. ಕುಡಿಯುವ ನೀರಿನಲ್ಲಿ ಬೆರೆಸಿ ಎರಡು ವರ್ಷ ಕುಡಿಸಿದ ಅಮೆರಿಕದ ಪ್ರಯೋಗದಲ್ಲಿ ದೊಡ್ಡ ಇಲಿಗಳಿಗೆ ಬಾಯಿಯಲ್ಲಿ, ಸುಂಡಿಲಿಗಳಿಗೆ ಸಣ್ಣಕರುಳಿನಲ್ಲಿ ಗೆಡ್ಡೆಗಳಾದವು. ಆ ಪ್ರಯೋಗದಲ್ಲಿ ಕೊಟ್ಟ ಪ್ರಮಾಣ ನಮ್ಮ ನಲ್ಲಿ ನೀರಿಗಿಂತ ಬಹಳ ಹೆಚ್ಚಿನದು, ನಿಜ. ಆದರೆ ಅಸಡ್ಡೆ ಮಾಡಲು ಅದು ಕಾರಣವಾಗದು.

ನಮ್ಮ ಕಡೆ ಇದು ಎಲ್ಲಿಂದ ಬರುತ್ತದೆ? ಬೈಕಿನ ಹ್ಯಾಂಡಲ್, ನಲ್ಲಿ, ಬೋಲ್ಟು, ಯಂತ್ರದ ಶಾಫ್ಟುಗಳಿಗೆ ಹೊಳಪು ಕೊಡುವ ಎಲೆಕ್ಟ್ರೋಪ್ಲೇಟಿಂಗ್ ಘಟಕಗಳಿಂದ. ಪೀಣ್ಯ ಕೈಗಾರಿಕಾ ಪ್ರದೇಶದ ಅಂತರ್ಜಲದಲ್ಲಿ ಕ್ರೋಮಿಯಂ ಮಿತಿ ಮೀರಿರುವುದನ್ನು ಸರ್ಕಾರಿ ಸಂಸ್ಥೆಗಳೇ ದಾಖಲಿಸಿವೆ. ಒಂದು ಸಣ್ಣ ಲೆಕ್ಕ ಹಾಕಿ ನೋಡಿ. ಕ್ರೋಮ್ ಲೇಪನದ ತೊಟ್ಟಿಯಲ್ಲಿ ಲೀಟರಿಗೆ ಸುಮಾರು 250 ಗ್ರಾಂ ಕ್ರೋಮಿಕ್ ಆಮ್ಲ ಇರುತ್ತದೆ. ಅದರಲ್ಲಿ ಕ್ರೋಮಿಯಂ ಪಾಲು 130 ಗ್ರಾಂ. ಆ ತೊಟ್ಟಿಯಿಂದ ಒಂದೇ ಒಂದು ಲೀಟರ್ ಚೆಲ್ಲಿದರೆ ಅದನ್ನು ಕುಡಿಯುವ ಮಿತಿಗೆ ತೆಳುಮಾಡಲು 26 ಲಕ್ಷ ಲೀಟರ್ ಶುದ್ಧ ನೀರು ಬೇಕು. ಆರು ಸಾವಿರ ಲೀಟರಿನ ಟ್ಯಾಂಕರುಗಳಲ್ಲಿ ಹೇಳುವುದಾದರೆ ನಾನೂರಕ್ಕೂ ಹೆಚ್ಚು ಲೋಡು. ಒಂದು ಲೀಟರ್ ಚೆಲ್ಲುವುದಕ್ಕೆ ಅರ್ಧ ನಿಮಿಷ ಸಾಕು, ಇಂಗಿದ್ದು ಹೋಗುವುದಕ್ಕೆ ದಶಕಗಳು ಸಾಲುವುದಿಲ್ಲ.

ಇದು ಪೀಣ್ಯವೊಂದರ ಕಥೆಯಲ್ಲ. ತಮಿಳುನಾಡಿನ ರಾಣಿಪೇಟೆಯಲ್ಲಿ ಮುಚ್ಚಿಹೋದ ಕ್ರೋಮೇಟ್ ಕಾರ್ಖಾನೆಯ ತ್ಯಾಜ್ಯದ ಗುಡ್ಡ, ಕಾನ್ಪುರದ ಜಾಜ್‌ಮವ್‌ನಲ್ಲಿ ಚರ್ಮ ಹದ ಮಾಡುವ ಕಾರ್ಖಾನೆಗಳು, ಒಡಿಶಾದ ಸುಕಿಂದಾ ಕಣಿವೆಯ ಕ್ರೋಮೈಟ್ ಗಣಿಗಳು ಇದೇ ಪಾಠ ಹೇಳುತ್ತವೆ. ನಮ್ಮಲ್ಲೂ ಹಾಸನ ಜಿಲ್ಲೆಯ ನುಗ್ಗೇಹಳ್ಳಿ ಪಟ್ಟಿಯಲ್ಲಿ, ಬೈರಾಪುರದ ಸುತ್ತ, ಕ್ರೋಮೈಟ್ ಅದಿರು ಇದೆ. ಗಣಿ ಅಥವಾ ಪ್ಲೇಟಿಂಗ್ ಘಟಕ ಹತ್ತಿರವಿದ್ದವರೆಲ್ಲ ಕೆಳಗಿನದನ್ನು ಓದಿಕೊಳ್ಳಬಹುದು.

ಹಂತ 1: ಮನೆಗೆ ಬರುವ ನೀರಿನ ಲೆಕ್ಕ ಬರೆಯಿರಿ

ಒಂದು ಹಾಳೆ ತೆಗೆದುಕೊಳ್ಳಿ. ಕಾವೇರಿ ನೀರು ವಾರಕ್ಕೆ ಎಷ್ಟು ದಿನ ಬರುತ್ತದೆ, ಕೊಳವೆಬಾವಿ ಎಷ್ಟು ಅಡಿ ಆಳ, ಟ್ಯಾಂಕರ್ ಯಾವಾಗ ತರಿಸುತ್ತೀರಿ, ಎಲ್ಲವೂ ಒಂದೇ ಸಂಪಿಗೆ ಬೀಳುತ್ತದೆಯೇ, ಬರೆಯಿರಿ. ಬಹುತೇಕ ಮನೆಗಳಲ್ಲಿ ಎಲ್ಲವೂ ಒಂದೇ ಸಂಪಿಗೆ ಬೀಳುತ್ತದೆ. ತೊಂದರೆ ಅಲ್ಲಿಂದಲೇ ಶುರು, ಏಕೆಂದರೆ ಸಂಪಿನ ನೀರು ಪರೀಕ್ಷಿಸಿದರೆ ಯಾವ ನೀರನ್ನು ಪರೀಕ್ಷಿಸಿದಿರಿ ಎಂದು ನಿಮಗೇ ತಿಳಿಯುವುದಿಲ್ಲ.

ಅಕ್ಕಪಕ್ಕದವರ ವರದಿ ಚೆನ್ನಾಗಿದೆ ಎಂದು ಸಮಾಧಾನ ಪಡಬೇಡಿ. ಬೆಂಗಳೂರಿನ ನೆಲ ಗಟ್ಟಿ ಕಲ್ಲಿನದು. ಆಳದ ನೀರು ಬಂಡೆಯ ಬಿರುಕುಗಳಲ್ಲಿ ಹರಿಯುತ್ತದೆ. ನಿಮ್ಮ ಬಾವಿ ಒಂದು ಬಿರುಕನ್ನು ಹಿಡಿದಿದ್ದರೆ ಐವತ್ತು ಅಡಿ ಆಚೆಯ ಬಾವಿ ಬೇರೊಂದನ್ನು ಹಿಡಿದಿರಬಹುದು. ಅಪಾರ್ಟ್‌ಮೆಂಟಿನಲ್ಲಿ ಮೂರು ಕೊಳವೆಬಾವಿಗಳಿದ್ದರೆ ಮೂರನ್ನೂ ಬೇರೆ ಬೇರೆ ಪರೀಕ್ಷಿಸಬೇಕು.

ಹಂತ 2: ಪ್ರಯೋಗಾಲಯ ಆರಿಸುವಾಗ ಮೂರು ಪ್ರಶ್ನೆ

‘ನೀರು ಪರೀಕ್ಷೆ’ ಎಂದಷ್ಟೇ ಹೇಳಿದರೆ ಗಡಸುತನ, ಪಿಎಚ್, ಕ್ಲೋರೈಡ್, ಫ್ಲೋರೈಡ್, ನೈಟ್ರೇಟ್ ಎಂದು ಹನ್ನೆರಡು ಸಾಲಿನ ವರದಿ ಕೈಗೆ ಬರುತ್ತದೆ. ಕ್ರೋಮಿಯಂ ಅದರಲ್ಲಿ ಇರುವುದಿಲ್ಲ. ಹೆಸರು ಹಿಡಿದು ಕೇಳಬೇಕು.

ಮೊದಲ ಪ್ರಶ್ನೆ: ಎನ್‌ಎಬಿಎಲ್ (ಪ್ರಯೋಗಾಲಯಗಳ ಅರ್ಹತೆ ಪರಿಶೀಲಿಸುವ ರಾಷ್ಟ್ರೀಯ ಮಂಡಳಿಯ) ಮಾನ್ಯತೆ ಇದೆಯೇ, ಆ ಮಾನ್ಯತೆಯ ಪಟ್ಟಿಯಲ್ಲಿ ನೀರಿನ ಕ್ರೋಮಿಯಂ ಇದೆಯೇ? ಗೋಡೆಯ ಮೇಲೆ ಪ್ರಮಾಣಪತ್ರ ತೂಗುಹಾಕಿರುವುದು ಬೇರೆ, ಅದರ ವ್ಯಾಪ್ತಿಯಲ್ಲಿ ಈ ಪರೀಕ್ಷೆ ಇರುವುದು ಬೇರೆ.

ಎರಡನೆಯದು: ಒಟ್ಟು ಕ್ರೋಮಿಯಂ ಮತ್ತು ಹೆಕ್ಸಾವೇಲೆಂಟ್ ಕ್ರೋಮಿಯಂ ಎರಡನ್ನೂ ಮಾಡುತ್ತೀರಾ? ಮೊದಲನೆಯದಕ್ಕೆ ಐಸಿಪಿ-ಎಂಎಸ್ ಅಥವಾ ಅಟಾಮಿಕ್ ಅಬ್ಸಾರ್ಪ್ಷನ್ ಯಂತ್ರ ಬಳಸುತ್ತಾರೆ. ಎರಡನೆಯದಕ್ಕೆ ಡೈಫಿನೈಲ್ ಕಾರ್ಬಜೈಡ್ ಎಂಬ ರಾಸಾಯನಿಕ ಹಾಕಿ, ಹುಟ್ಟುವ ನೇರಳೆ ಬಣ್ಣದ ಗಾಢತೆಯನ್ನು ಅಳೆಯುತ್ತಾರೆ. ಹಣ ಒಂದಕ್ಕೇ ಇದೆ ಎಂದಾದರೆ ಒಟ್ಟು ಕ್ರೋಮಿಯಂ ಮಾಡಿಸಿ. ನಮ್ಮ ಮಾನಕದ ಮಿತಿ ಇರುವುದು ಅದಕ್ಕೇ.

ಮೂರನೆಯದು ಎಲ್ಲಕ್ಕಿಂತ ಮುಖ್ಯ: ನಿಮ್ಮಲ್ಲಿ ಪತ್ತೆಯಾಗುವ ಕನಿಷ್ಠ ಪ್ರಮಾಣ ಎಷ್ಟು? ಉತ್ತರ 0.05 ಎಂದು ಬಂದರೆ ಬೇರೆ ಪ್ರಯೋಗಾಲಯ ನೋಡಿ. 0.005 ಅಥವಾ ಅದಕ್ಕಿಂತ ಕಡಿಮೆಯನ್ನು ಹಿಡಿಯಬಲ್ಲ ಕಡೆಗೇ ಹೋಗಿ.

ಹಳ್ಳಿಯವರಿಗೆ ಜಿಲ್ಲಾ ಮಟ್ಟದಲ್ಲಿ ಗ್ರಾಮೀಣ ಕುಡಿಯುವ ನೀರು ಇಲಾಖೆಯ ಪ್ರಯೋಗಾಲಯಗಳಿವೆ. ಅಲ್ಲಿಯೂ ಇದೇ ಪ್ರಶ್ನೆಗಳನ್ನು ಕೇಳಿ. ಪಂಚಾಯಿತಿಯಲ್ಲಿ ಇಟ್ಟಿರುವ ಪರೀಕ್ಷಾ ಕಿಟ್ಟು ಫ್ಲೋರೈಡ್, ನೈಟ್ರೇಟ್, ಕಬ್ಬಿಣಕ್ಕೆ ಸರಿ. ಕ್ರೋಮಿಯಂ ಬಾಟಲಿ ಸಾಮಾನ್ಯವಾಗಿ ಅದರಲ್ಲಿ ಇರುವುದಿಲ್ಲ.

ಹಂತ 3: ಮಾದರಿ ತೆಗೆಯುವುದು

ನಾನು ಮೊದಲ ಸಲ ತಂಪು ಪಾನೀಯದ ಹಳೆಯ ಬಾಟಲಿಯಲ್ಲಿ ಸಂಪಿನ ನೀರು ತುಂಬಿಕೊಂಡು ಹೋಗಿದ್ದೆ. ಕೌಂಟರಿನಲ್ಲಿದ್ದ ಹುಡುಗಿ ಬಾಟಲಿಯನ್ನು ಬೆಳಕಿಗೆ ಹಿಡಿದು ನೋಡಿ, ನಗದೆ ವಾಪಸು ಕೊಟ್ಟಳು. ಅವಳು ಹೇಳಿಕೊಟ್ಟದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಬಾಟಲಿಗಳನ್ನು ಪ್ರಯೋಗಾಲಯದಿಂದಲೇ ಪಡೆಯಿರಿ, ಎರಡು ಬೇಕು. ಒಟ್ಟು ಕ್ರೋಮಿಯಂಗೆ ಮೀಸಲಾದ ಬಾಟಲಿಯಲ್ಲಿ ನೈಟ್ರಿಕ್ ಆಮ್ಲದ ಕೆಲವು ಹನಿ ಹಾಕಿ ಕೊಟ್ಟಿರಬಹುದು. ಅದನ್ನು ತೊಳೆಯಬೇಡಿ, ಚೆಲ್ಲಬೇಡಿ, ಮಕ್ಕಳ ಕೈಗೆ ಕೊಡಬೇಡಿ. ಹೆಕ್ಸಾವೇಲೆಂಟ್ ಪರೀಕ್ಷೆಯ ಬಾಟಲಿಯಲ್ಲಿ ಮಾತ್ರ ಆಮ್ಲ ಇರಲೇಕೂಡದು. ಆಮ್ಲವಿದ್ದರೆ ಕ್ರೋಮಿಯಂ-6 ದಾರಿಯಲ್ಲೇ ಕ್ರೋಮಿಯಂ-3 ಆಗಿ ಬದಲಾಗಿ, ವಿಷವಿದ್ದ ನೀರಿಗೂ ಒಳ್ಳೆಯ ವರದಿ ಬಂದೀತು. ಆಮ್ಲವಿಲ್ಲದ ಬಾಟಲಿಯನ್ನು ಅದೇ ಬಾವಿಯ ನೀರಿನಿಂದ ಮೂರು ಸಲ ಕುಲುಕಿ ಚೆಲ್ಲಿ ಆಮೇಲೆ ತುಂಬಿ.

ಮೋಟಾರು ಹಾಕಿ ಹತ್ತು ಹದಿನೈದು ನಿಮಿಷ ನೀರು ಹರಿಯಲು ಬಿಡಿ. ಪೈಪಿನಲ್ಲಿ ರಾತ್ರಿಯಿಡೀ ನಿಂತ ನೀರು ಹೋಗಿ ಬಂಡೆಯೊಳಗಿನ ನೀರು ಬರಲಿ. ಸಂಪಿಗೆ ಬೀಳುವ ಮುಂಚೆಯೇ, ಗಡಸು ನೀರನ್ನು ಮೆದುಮಾಡುವ ಸಾಫ್ಟನರ್ ಇದ್ದರೆ ಅದಕ್ಕಿಂತ ಮುಂಚೆಯೇ ಹಿಡಿಯಬೇಕು. ಬಾಟಲಿಯ ಮೇಲೆ ದಿನಾಂಕ, ಸಮಯ, ಯಾವ ಬಾವಿ, ಎಷ್ಟು ಆಳ ಎಂದು ನೀರಿಗೆ ಅಳಿಸದ ಪೆನ್ನಿನಲ್ಲಿ ಬರೆಯಿರಿ. ಐಸ್ ಹಾಕಿದ ಡಬ್ಬಿಯಲ್ಲಿಟ್ಟು ಅದೇ ದಿನ ತಲುಪಿಸಿ. ಹೆಕ್ಸಾವೇಲೆಂಟ್ ಮಾದರಿಯನ್ನು 24 ಗಂಟೆಯೊಳಗೆ ಪರೀಕ್ಷಿಸುವುದು ರೂಢಿ. ಆದ್ದರಿಂದ ಶನಿವಾರ ಮಧ್ಯಾಹ್ನ ಕೊಟ್ಟು ಬರುವ ಕೆಲಸ ಮಾಡಬೇಡಿ, ಸೋಮವಾರದವರೆಗೆ ಅದು ಮೂಲೆಯಲ್ಲಿ ಕೂತಿರುತ್ತದೆ.

ಒಂದು ಸಲದ ಪರೀಕ್ಷೆ ಸಾಲದು. ಮಳೆಗೆ ಮುಂಚೆ, ಮೇ ತಿಂಗಳಲ್ಲಿ ಒಮ್ಮೆ, ಮಳೆ ನಿಂತ ಮೇಲೆ ನವೆಂಬರಿನಲ್ಲಿ ಒಮ್ಮೆ ಮಾಡಿಸಿ. ಇಂಗಿದ ಮಳೆನೀರು ಕೆಲವು ಕಡೆ ಕ್ರೋಮಿಯಂ ಅನ್ನು ತೆಳುಮಾಡುತ್ತದೆ, ಕೆಲವು ಕಡೆ ಮಣ್ಣಿನಲ್ಲಿದ್ದುದನ್ನು ತೊಳೆದುಕೊಂಡು ಕೆಳಗಿಳಿಯುತ್ತದೆ. ನಿಮ್ಮ ಬಾವಿ ಯಾವ ಬಗೆಯದು ಎಂಬುದು ಎರಡು ವರದಿ ಪಕ್ಕಪಕ್ಕ ಇಟ್ಟಾಗಲೇ ಗೊತ್ತಾಗುವುದು.

ಹಂತ 4: ವರದಿ ಓದುವುದು

ಮೊದಲು ಅಳತೆಯ ಘಟಕ ನೋಡಿ. ಕೆಲವರು ಮಿಲಿಗ್ರಾಂನಲ್ಲಿ, ಕೆಲವರು ಮೈಕ್ರೋಗ್ರಾಂನಲ್ಲಿ ಕೊಡುತ್ತಾರೆ. 0.05 ಮಿಲಿಗ್ರಾಂ ಅಂದರೆ 50 ಮೈಕ್ರೋಗ್ರಾಂ. ನಲವತ್ತು ಎಂದು ನೋಡಿ ಗಾಬರಿಯಾದವರನ್ನೂ ಕಂಡಿದ್ದೇನೆ, 0.4 ಎಂದು ನೋಡಿ ‘ಒಂದಕ್ಕಿಂತ ಕಡಿಮೆಯೇ ಅಲ್ಲವೇ’ ಎಂದವರನ್ನೂ ಕಂಡಿದ್ದೇನೆ. ಎರಡನೆಯವರ ನೀರು ಮಿತಿಯ ಎಂಟು ಪಟ್ಟು.

‘ಬಿಡಿಎಲ್’ ಎಂದಿದ್ದರೆ ಪತ್ತೆಯ ಮಿತಿಗಿಂತ ಕಡಿಮೆ ಎಂದರ್ಥ, ಸೊನ್ನೆ ಎಂದಲ್ಲ. ಪಕ್ಕದಲ್ಲೇ ಆ ಮಿತಿ ಎಷ್ಟೆಂದು ಬರೆದಿರಬೇಕು. ಹೆಕ್ಸಾವೇಲೆಂಟ್ ಅಂಕಿ ಒಟ್ಟು ಕ್ರೋಮಿಯಂಗಿಂತ ಹೆಚ್ಚಿದ್ದರೆ ಎಲ್ಲೋ ತಪ್ಪಾಗಿದೆ. ಭಾಗ ಪೂರ್ತಿಗಿಂತ ದೊಡ್ಡದಾಗಲು ಸಾಧ್ಯವಿಲ್ಲ, ಮತ್ತೆ ಮಾಡಿಸಿ. ಒಟ್ಟು ಹೆಚ್ಚಿದ್ದು ಹೆಕ್ಸಾವೇಲೆಂಟ್ ತೀರ ಕಡಿಮೆಯಿದ್ದರೆ ನೀರಿನಲ್ಲಿ ಕೆಸರು ಬಂದಿತ್ತೇ ಎಂದು ನೆನಪಿಸಿಕೊಳ್ಳಿ.

ಅಂಕಿ ನೋಡಿ ಏನು ಮಾಡಬೇಕು ಎಂಬುದಕ್ಕೆ ನನ್ನದೊಂದು ಲೆಕ್ಕವಿದೆ. 0.05 ದಾಟಿದ್ದರೆ ಆ ದಿನದಿಂದಲೇ ಕುಡಿಯುವುದು, ಅಡುಗೆ ಮಾಡುವುದು, ಮಗುವಿನ ಹಾಲಿನ ಪುಡಿ ಕಲಸುವುದು ನಿಲ್ಲಿಸಬೇಕು. ಇದರಲ್ಲಿ ಚರ್ಚೆಯಿಲ್ಲ, ಮಾನಕವೂ ಇಲ್ಲಿ ಯಾವ ಸಡಿಲಿಕೆ ಕೊಟ್ಟಿಲ್ಲ. 0.01ರಿಂದ 0.05ರ ನಡುವೆ ಇದ್ದರೆ ಕಾಯಿದೆಯ ಕಣ್ಣಿಗೆ ನೀರು ಸರಿ. ಆದರೆ ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯ ಹೆಕ್ಸಾವೇಲೆಂಟ್ ಕ್ರೋಮಿಯಂಗೆ 2024ರಲ್ಲಿ ಜಾರಿಗೆ ತಂದ ಮಿತಿ 0.01. ಯುರೋಪಿನವರು ತಮ್ಮ 0.05ನ್ನು 2036ರ ಹೊತ್ತಿಗೆ ಅರ್ಧಕ್ಕೆ ಇಳಿಸುತ್ತಿದ್ದಾರೆ. ಗಾಳಿ ಯಾವ ಕಡೆ ಬೀಸುತ್ತಿದೆ ಎಂಬುದು ಸ್ಪಷ್ಟ. ಹಾಗಾಗಿ ಈ ನಡುವಿನ ಅಂಕಿ ಬಂದವರ ಮನೆಯಲ್ಲಿ ಮಗುವೋ ಬಸುರಿಯೋ ಇದ್ದರೆ ಬೇರೆ ನೀರು ಹುಡುಕಿ, ಮೂರು ತಿಂಗಳಿಗೆ ಮತ್ತೆ ಪರೀಕ್ಷಿಸಿ. 0.01ಕ್ಕಿಂತ ಕಡಿಮೆಯಿದ್ದರೆ ವರ್ಷಕ್ಕೊಮ್ಮೆ ನೋಡಿದರೆ ಸಾಕು.

ಸ್ನಾನ, ಬಟ್ಟೆ, ನೆಲ ಒರೆಸುವುದಕ್ಕೆ ಹೆದರಬೇಕಿಲ್ಲ. ಮಿತಿಯಿಂದ ಸ್ವಲ್ಪ ಮೇಲಿರುವ ನೀರಿನಿಂದ ಚರ್ಮದ ಮೂಲಕ ಒಳಹೋಗುವುದು ಅತ್ಯಲ್ಪ. ನೀರೇ ಹಳದಿ ಬಣ್ಣದ್ದಾಗಿದ್ದರೆ ಮಾತ್ರ ಆ ಬಾವಿಯ ಮೋಟಾರನ್ನೇ ನಿಲ್ಲಿಸಿ. ಕಬ್ಬಿಣದ ನೀರೂ ಹಳದಿಯೇ, ಆದರೆ ಅದು ಬಕೆಟ್ಟಿನಲ್ಲಿ ಒಂದು ರಾತ್ರಿ ನಿಂತರೆ ಕೆಂಪು ಕೆಸರು ಬಿಡುತ್ತದೆ. ಕ್ರೋಮೇಟಿನ ಹಳದಿ ತಿಳಿಯಾಗಿಯೇ ಉಳಿಯುತ್ತದೆ.

ವರದಿ ಕೈಗೆ ಬಂದ ಕೂಡಲೇ ಮನೆಮಂದಿಯನ್ನೆಲ್ಲ ರಕ್ತಪರೀಕ್ಷೆಗೆ ಸಾಲಾಗಿ ನಿಲ್ಲಿಸುವ ಅಗತ್ಯವಿಲ್ಲ. ಅದರಲ್ಲಿ ಕಾಣುವುದು ಇತ್ತೀಚೆಗೆ ದೇಹ ಸೇರಿದ್ದು ಮಾತ್ರ. ಮುಂದೆ ಕಾಯಿಲೆ ಬರುತ್ತದೆಯೇ ಎಂದು ಅದು ಹೇಳದು. ತೊಂದರೆಯ ಲಕ್ಷಣಗಳಿದ್ದರೆ ನೀರಿನ ವರದಿಯನ್ನೂ ಹಿಡಿದುಕೊಂಡು ವೈದ್ಯರ ಬಳಿ ಹೋಗಿ.

ಹಂತ 5: ಕೆಲಸಕ್ಕೆ ಬಾರದ ಉಪಾಯಗಳನ್ನು ಕೈಬಿಡಿ

ಕುದಿಸಬೇಡಿ. ಕುದಿಸಿದರೆ ಆವಿಯಾಗುವುದು ನೀರು, ಉಳಿಯುವುದು ಕ್ರೋಮಿಯಂ. ಕ್ಯಾಂಡಲ್ ಫಿಲ್ಟರ್, ತಾಮ್ರದ ಬಿಂದಿಗೆ, ಯುವಿ ದೀಪ, ನುಗ್ಗೆಬೀಜ, ಸ್ಫಟಿಕ, ಇವುಗಳಿಗೆ ತಮ್ಮದೇ ಉಪಯೋಗಗಳಿವೆ, ಕ್ರೋಮಿಯಂ-6 ಆ ಪಟ್ಟಿಯಲ್ಲಿಲ್ಲ. ಕ್ಲೋರಿನ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ನಿರುಪದ್ರವಿಯಾಗಿದ್ದ ಕ್ರೋಮಿಯಂ-3ನ್ನೇ ಕ್ರೋಮಿಯಂ-6 ಮಾಡಬಲ್ಲದು.

ಅಪಾರ್ಟ್‌ಮೆಂಟಿನವರು ಹೆಚ್ಚಾಗಿ ಮೋಸಹೋಗುವುದು ಸಾಫ್ಟನರ್ ವಿಷಯದಲ್ಲಿ. ಲಕ್ಷಾಂತರ ರೂಪಾಯಿಯ ಯಂತ್ರ ಇದೆಯಲ್ಲ ಎಂಬ ಧೈರ್ಯ. ಸಾಫ್ಟನರ್ ಹಿಡಿಯುವುದು ಧನ ವಿದ್ಯುದಂಶದ ಕ್ಯಾಲ್ಸಿಯಂ, ಮೆಗ್ನೀಸಿಯಂಗಳನ್ನು. ಕ್ರೋಮೇಟಿನದು ಋಣ ವಿದ್ಯುದಂಶ. ಅದು ಸಾಫ್ಟನರಿನೊಳಗೆ ತುಂಬಿರುವ ರೆಸಿನ್ ಎಂಬ ಸಣ್ಣ ಮಣಿಗಳ ಹಾಸಿಗೆಯ ನಡುವೆ ಯಾವ ಅಡ್ಡಿಯೂ ಇಲ್ಲದೆ ದಾಟಿ ಹೋಗುತ್ತದೆ. ಋಣ ಕಣಗಳನ್ನು ಹಿಡಿಯುವ ಬೇರೆಯ ರೆಸಿನ್ ಇದೆ, ಅದು ಕ್ರೋಮೇಟಿಗೆ ಒಳ್ಳೆಯ ಮದ್ದು. ಆದರೆ ಅದನ್ನು ಕೇಳಿಯೇ ಹಾಕಿಸಿಕೊಳ್ಳಬೇಕು.

ಸಂಪಿನಲ್ಲಿ ಕಾವೇರಿ ನೀರು ಬೆರೆಸುವುದೂ ಭದ್ರವಲ್ಲ. ಬಾವಿಯಲ್ಲಿ 0.12 ಇದ್ದರೆ ಅರ್ಧಕ್ಕರ್ಧ ಬೆರೆಸಿದರೂ 0.06. ಅದೂ ಕಾವೇರಿ ಬಂದ ದಿನದ ಮಾತು. ಮೂರು ದಿನ ಬರದಿದ್ದರೆ ಮತ್ತೆ 0.12.

ಹಂತ 6: ಆರ್‌ಒ ಹಾಕಿಸುವುದು, ಅದರ ಸ್ಕ್ರೂ ಮೇಲೆ ಕಣ್ಣಿಡುವುದು

ಒಂದು ಮನೆಗೆ ಕೈಗೆಟುಕುವ ಉಪಾಯವೆಂದರೆ ನೀರನ್ನು ತೆಳುವಾದ ಪೊರೆಯ ಮೂಲಕ ಒತ್ತಿ ಸೋಸುವ ಆರ್‌ಒ. ಪೊರೆ ಚೆನ್ನಾಗಿದ್ದರೆ ಕ್ರೋಮೇಟಿನ ಬಹುಪಾಲನ್ನು ತಡೆಯುತ್ತದೆ. ಈಗ ಗಮನವಿಟ್ಟು ಓದಬೇಕಾದ ಸಂಗತಿಗೆ ಬಂದೆ.

ನಮ್ಮಲ್ಲಿ ಮಾರುವ ಬಹಳಷ್ಟು ಯಂತ್ರಗಳಲ್ಲಿ ‘ಟಿಡಿಎಸ್ ಕಂಟ್ರೋಲರ್’ ಎಂಬ ಸಣ್ಣ ಸ್ಕ್ರೂ ಇರುತ್ತದೆ. ನೀರು ಸಪ್ಪೆಯಾಗದಿರಲಿ, ಖನಿಜಾಂಶ ಉಳಿಯಲಿ ಎಂದು, ಪೊರೆಯನ್ನು ಹಾಯದ ಸ್ವಲ್ಪ ನೀರನ್ನು ಅದು ಶುದ್ಧ ನೀರಿಗೆ ಬೆರೆಸುತ್ತದೆ. ಬೆರೆಯುವುದು ಖನಿಜ ಮಾತ್ರವಲ್ಲ, ಬಾವಿಯ ನೀರೇ. ಬಾವಿಯಲ್ಲಿ 0.20 ಕ್ರೋಮಿಯಂ ಇದೆ ಎನ್ನಿ. ಪೊರೆ ಶೇ 95ರಷ್ಟು ತಡೆದರೆ ಹೊರಬರುವುದು 0.01, ಬಹಳ ಒಳ್ಳೆಯದು. ಈ ಸ್ಕ್ರೂ ಶೇ 30ರಷ್ಟು ಹಸಿ ನೀರು ಬೆರೆಸಿದರೆ ಲೋಟದಲ್ಲಿ ಇರುವುದು ಸುಮಾರು 0.067. ಯಂತ್ರಕ್ಕೆ ದುಡ್ಡು ಕೊಟ್ಟೂ ಮಿತಿ ಮೀರಿದ ನೀರನ್ನೇ ಕುಡಿದಂತಾಯಿತು. ನಮ್ಮ ಮನೆಯಲ್ಲಿ ಸರ್ವಿಸ್ ಹುಡುಗ ‘ರುಚಿ ಬರಲಿ ಸಾರ್’ ಎಂದು ಪ್ರೀತಿಯಿಂದಲೇ ಅದನ್ನು ಎರಡು ಸುತ್ತು ತಿರುಗಿಸಿ ಹೋಗಿದ್ದ. ಆರು ತಿಂಗಳು ನಮಗೆ ಗೊತ್ತಾಗಲಿಲ್ಲ. ಆ ಸ್ಕ್ರೂ ಪೂರ್ತಿ ಮುಚ್ಚಿಸಿ, ಅಥವಾ ಅದಿಲ್ಲದ ಯಂತ್ರವನ್ನೇ ಕೊಳ್ಳಿ. ರುಚಿ ಬೇಕಿದ್ದವರಿಗೆ ಖನಿಜ ಸೇರಿಸುವ ಪ್ರತ್ಯೇಕ ಕಾರ್ಟ್ರಿಡ್ಜ್ ಸಿಗುತ್ತದೆ, ಅದು ಶುದ್ಧವಾದ ನೀರಿಗೇ ಖನಿಜ ಹಾಕುತ್ತದೆ.

ಯಂತ್ರ ಕೂರಿಸಿದ ಎರಡು ವಾರಕ್ಕೆ ಅದರ ನಲ್ಲಿಯ ನೀರನ್ನು ಮತ್ತೆ ಪ್ರಯೋಗಾಲಯಕ್ಕೆ ಕೊಡಿ. ಆಮೇಲಿನ ಕಾವಲಿಗೆ, ಶುರುವಿನಲ್ಲಿ ನಾನು ಜರೆದ ಅದೇ ಟಿಡಿಎಸ್ ಮೀಟರ್ ಕೆಲಸಕ್ಕೆ ಬರುತ್ತದೆ. ಒಳಹೋಗುವ ನೀರು, ಹೊರಬರುವ ನೀರು ಎರಡನ್ನೂ ತಿಂಗಳಿಗೊಮ್ಮೆ ಅಳೆದು ಬರೆದಿಡಿ. 450 ಒಳಹೋಗಿ 40 ಹೊರಬರುತ್ತಿದ್ದುದು 90ಕ್ಕೆ ಏರಿದರೆ ಪೊರೆ ಸವೆದಿದೆ. ಲವಣ ನುಸುಳಿದಲ್ಲಿ ಕ್ರೋಮಿಯಂ ಕೂಡ ನುಸುಳೀತು.

ಆರ್‌ಒ ಹೊರಹಾಕುವ ತ್ಯಾಜ್ಯ ನೀರಿನಲ್ಲಿ ಕ್ರೋಮಿಯಂ ಬಾವಿಯಲ್ಲಿದ್ದುದಕ್ಕಿಂತ ಹೆಚ್ಚಿರುತ್ತದೆ. ಅದನ್ನು ಸೊಪ್ಪಿನ ಮಡಿಗೆ, ಹಸುವಿನ ಬಾನಿಗೆ, ಇಂಗುಗುಂಡಿಗೆ ಬಿಡಬೇಡಿ. ಶೌಚಾಲಯಕ್ಕೆ ಬಳಸಿ.

ಬಡಾವಣೆಯ ಶುದ್ಧ ಕುಡಿಯುವ ನೀರಿನ ಘಟಕದಿಂದ ಕ್ಯಾನು ತರುವವರು ಅಲ್ಲಿಯೂ ಒಂದು ಬಾಟಲಿ ಹಿಡಿದು ಪರೀಕ್ಷಿಸಿ. ಅದರ ಹಿಂದೆಯೂ ಇರುವುದು ಕೊಳವೆಬಾವಿ, ಅದರೊಳಗೂ ಸವೆಯುವ ಪೊರೆ.

ಹಂತ 7: ಆಕಾಶದಿಂದ ಬರುವ ನೀರನ್ನು ಲೆಕ್ಕಕ್ಕೆ ಹಿಡಿಯಿರಿ

ಬೆಂಗಳೂರಿನಲ್ಲಿ ವರ್ಷಕ್ಕೆ ಸುಮಾರು 970 ಮಿಲಿಮೀಟರ್ ಮಳೆ. ಸಾವಿರ ಚದರಡಿಯ ತಾರಸಿಯಿಂದ, ಐದರಲ್ಲಿ ಒಂದು ಪಾಲು ನಷ್ಟವೆಂದು ಬಿಟ್ಟರೂ, 70 ಸಾವಿರ ಲೀಟರ್ ಸಿಗುತ್ತದೆ. ನಾಲ್ಕು ಜನರ ಮನೆಗೆ ಕುಡಿಯಲು, ಅಡುಗೆಗೆ ದಿನಕ್ಕೆ 20 ಲೀಟರ್ ಎಂದರೆ ವರ್ಷಕ್ಕೆ 7,300 ಲೀಟರ್. ಹತ್ತರಲ್ಲಿ ಒಂದು ಪಾಲಿಗಿಂತ ತುಸು ಹೆಚ್ಚು ಹಿಡಿದಿಟ್ಟರೆ ಸಾಕಾಯಿತು. ಮೊದಲ ಮಳೆಯನ್ನು ಹೊರಗೆ ಬಿಡಿ, ಸೋಸಿ, ಬೆಳಕು ಬೀಳದ ಪ್ರತ್ಯೇಕ ತೊಟ್ಟಿಗೆ ತುಂಬಿ, ಕುದಿಸಿ ಕುಡಿಯಿರಿ. ಇಲ್ಲಿ ಕುದಿಸುವುದು ಸರಿ, ಏಕೆಂದರೆ ಇಲ್ಲಿನ ಶತ್ರು ಕ್ರಿಮಿ. ಪ್ಲೇಟಿಂಗ್ ಘಟಕದ ಚಿಮಣಿ ಪಕ್ಕದಲ್ಲೇ ಇದ್ದರೆ ತಾರಸಿಯ ನೀರನ್ನೂ ಒಮ್ಮೆ ಕ್ರೋಮಿಯಂಗೆ ಪರೀಕ್ಷಿಸಿಕೊಳ್ಳಿ.

ಹಂತ 8: ದೂರು

ನಿಮ್ಮ ಖಾಸಗಿ ವರದಿ ಕಣ್ಣು ತೆರೆಸುತ್ತದೆ. ಆದರೆ ಕಾರ್ಖಾನೆಯ ಮೇಲೆ ಕ್ರಮ ಕೈಗೊಳ್ಳಲು 1974ರ ಜಲ ಕಾಯಿದೆಯ ಪ್ರಕಾರ ಮಾಲಿನ್ಯ ನಿಯಂತ್ರಣ ಮಂಡಳಿಯ ಅಧಿಕಾರಿಯೇ ಅಲ್ಲಿನ ತ್ಯಾಜ್ಯದ ಮಾದರಿ ತೆಗೆಯಬೇಕು. ಆದ್ದರಿಂದ ಮಂಡಳಿಯ ಪ್ರಾದೇಶಿಕ ಕಚೇರಿಗೆ ಕೊಡುವ ಅರ್ಜಿಯಲ್ಲಿ ‘ಕ್ರಮ ಕೈಗೊಳ್ಳಿ’ ಎಂದಷ್ಟೇ ಬರೆಯದೆ, ‘ಇಂತಿಂಥ ಕೊಳವೆಬಾವಿಗಳಿಂದಲೂ ಪಕ್ಕದ ಚರಂಡಿಯಿಂದಲೂ ಮಾದರಿ ತೆಗೆದು ಒಟ್ಟು ಹಾಗೂ ಹೆಕ್ಸಾವೇಲೆಂಟ್ ಕ್ರೋಮಿಯಂ ಪರೀಕ್ಷಿಸಿ’ ಎಂದು ಬರೆಯಿರಿ. ಐದಾರು ಮನೆಯವರು ಒಟ್ಟಾಗಿ, ಒಂದು ಕೈಬರಹದ ನಕ್ಷೆಯ ಮೇಲೆ ಬಾವಿಗಳನ್ನೂ ಅಂಕಿಗಳನ್ನೂ ಗುರುತಿಸಿ ಲಗತ್ತಿಸಿದರೆ ಅರ್ಜಿಗೆ ತೂಕ ಬರುತ್ತದೆ. ಅಂಕಿಗಳು ಯಾವ ದಿಕ್ಕಿಗೆ ಏರುತ್ತವೆ ಎಂಬುದೂ ಆ ನಕ್ಷೆಯಲ್ಲಿ ತಾನಾಗಿ ಕಾಣುತ್ತದೆ. ಕಾರ್ಖಾನೆಯ ಹೆಸರನ್ನು ಊಹೆಯಿಂದ ಬರೆಯಬೇಡಿ. ಸ್ವೀಕೃತಿಯ ಮುದ್ರೆ ಹಾಕಿಸಿಕೊಳ್ಳದೆ ಹೊರಬರಬೇಡಿ.

ತಿಂಗಳು ಕಳೆದರೂ ಸುಳಿವಿಲ್ಲದಿದ್ದರೆ ಮಾಹಿತಿ ಹಕ್ಕಿನಡಿ ಕೇಳಿ: ನಿಮ್ಮ ಅರ್ಜಿಯ ಮೇಲೆ ಏನಾಯಿತು, ಆ ಪ್ರದೇಶದ ಅಂತರ್ಜಲದ ಪರೀಕ್ಷಾ ವರದಿಗಳು ಏನು ಹೇಳುತ್ತವೆ, ಅಲ್ಲಿನ ಪ್ಲೇಟಿಂಗ್ ಘಟಕಗಳಿಗೆ ಕೊಟ್ಟ ಸಮ್ಮತಿ ಪತ್ರಗಳ ಷರತ್ತುಗಳೇನು. ಉತ್ತರ ಕೊಡಲು ಅವರಿಗೆ 30 ದಿನ ಇದೆ. ಬಂದ ಕಾಗದಗಳಲ್ಲಿ ಹೆಕ್ಸಾವೇಲೆಂಟ್ ಕ್ರೋಮಿಯಂ ಸಾಲು ಹುಡುಕಿ. ಕೆರೆ, ಕಾಲುವೆಗಳಿಗೆ ಬಿಡುವ ತ್ಯಾಜ್ಯದಲ್ಲಿ ಅದು ಲೀಟರಿಗೆ 0.1 ಮಿಲಿಗ್ರಾಂ ಮೀರಬಾರದು ಎಂಬುದು ಸಾಮಾನ್ಯ ನಿಯಮ. ಅಲ್ಲಿಂದಾಚೆಗೆ ಹಸಿರು ನ್ಯಾಯಮಂಡಳಿಯ ದಕ್ಷಿಣ ಪೀಠವಿದೆ, ಚೆನ್ನೈನಲ್ಲಿ. ಅಲ್ಲಿಗೆ ಹೋಗುವವರ ಕೈಯಲ್ಲಿ ಮೇ ಮತ್ತು ನವೆಂಬರಿನ ವರದಿಗಳು, ಸ್ವೀಕೃತಿ ಪತ್ರ, ಮಾಹಿತಿ ಹಕ್ಕಿನ ಉತ್ತರ ಒಂದೇ ಫೈಲಿನಲ್ಲಿ ದಿನಾಂಕದ ಪ್ರಕಾರ ಇರಬೇಕು. ನಮ್ಮ ಫೈಲು ಅಡುಗೆಮನೆಯಲ್ಲಿ, ಆರ್‌ಒ ಯಂತ್ರದ ಮೇಲೆಯೇ ಇದೆ. ಪೊರೆ ಬದಲಿಸಿದ ದಿನಾಂಕವನ್ನೂ ಅದರ ರಟ್ಟಿನ ಮೇಲೆ ಬರೆದಿಟ್ಟಿದ್ದೇವೆ.